ಸೂಜಿ ನೋವಿಗೆ ಮರಗಟ್ಟಿಸುವ ಕ್ರೀಮ್: ಒಂದು ಗಂಟೆ ಕಾಯೋಕೆ ಆಗುತ್ತೆ ಅಂದ್ರೆ ಮಾತ್ರ ತಗೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಕ್ರೀಮ್ ಚೆನ್ನಾಗಿದೆ. ಹೇಳಿದ ಕೆಲಸ ಮಾಡುತ್ತದೆ. ಆದರೆ ಅದನ್ನು ಹಚ್ಚಿ ಹತ್ತೇ ನಿಮಿಷಕ್ಕೆ ಮಗುವಿಗೆ ಸೂಜಿ ಚುಚ್ಚಿಸಿ, ಮಗು ಕಿರುಚಿದ ಮೇಲೆ ಮನೆಗೆ ಬಂದು "ದುಡ್ಡು ದಂಡ, ಏನೂ ಉಪಯೋಗ ಇಲ್ಲ" ಅಂತ ಒಂದು ಸ್ಟಾರ್ ಕೊಟ್ಟು ಹೋಗುವವರು ತುಂಬಾ ಜನ ಇದ್ದಾರೆ. ಅವರಿಗೋಸ್ಕರವೇ ಇಷ್ಟುದ್ದ ಬರೆಯುತ್ತಿದ್ದೇನೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್.

ನಾನು ಹೇಳುತ್ತಿರುವುದು ಲಿಡೋಕೇನ್ 2.5% ಮತ್ತು ಪ್ರಿಲೋಕೇನ್ 2.5% ಇರುವ ಕ್ರೀಮ್ ಬಗ್ಗೆ. ಎಮ್ಲಾ ಅನ್ನೋ ಹೆಸರು ಕೇಳಿರುತ್ತೀರಿ. ಅದೇ ಮಿಶ್ರಣವನ್ನು ಈಗ ಬೇರೆ ಕಂಪನಿಗಳೂ ಬೇರೆ ಬೇರೆ ಹೆಸರಲ್ಲಿ ಮಾಡುತ್ತವೆ. ಹೆಸರು ಬಿಡಿ, ಡಬ್ಬಿಯ ಮೇಲೆ ಈ ಎರಡು ಔಷಧಿ ಇದೇ ಪ್ರಮಾಣದಲ್ಲಿ ಇದೆಯಾ ಅಂತ ನೋಡಿ. ನನ್ನ ಮಗಳಿಗೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಮಧ್ಯೆ ಒಂದು ಸಣ್ಣ ಆಪರೇಷನ್ ಕೂಡ ಆಯಿತು. ಹಾಗಾಗಿ ಈ ಟ್ಯೂಬ್ ನಮ್ಮ ಮನೆಯಲ್ಲಿ ಖಾಲಿ ಆಗುತ್ತಲೇ ಇರುತ್ತದೆ.

ಇದು ಕೆಲಸ ಮಾಡುವ ರೀತಿ ತಮಾಷೆಯಾಗಿದೆ. ಲಿಡೋಕೇನ್, ಪ್ರಿಲೋಕೇನ್ ಎರಡನ್ನೂ ಬೇರೆ ಬೇರೆಯಾಗಿ ಇಟ್ಟರೆ ಸಾಮಾನ್ಯ ಬಿಸಿಯಲ್ಲಿ ಗಟ್ಟಿಯಾಗೇ ಇರುತ್ತವೆ. ಸಮ ಸಮ ಬೆರೆಸಿದರೆ ಕರಗಿ ಎಣ್ಣೆ ಆಗಿಬಿಡುತ್ತವೆ, ಕರಗುವ ಮಟ್ಟ ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಈ ಎಣ್ಣೆ ಹನಿಗಳಲ್ಲಿ ಔಷಧಿ ತುಂಬಾ ಗಾಢವಾಗಿರುವುದರಿಂದ ಚರ್ಮದ ಮೇಲ್ಪದರ ದಾಟಿ ಒಳಗೆ ಇಳಿಯುತ್ತದೆ. ನೋವಿನ ಸುದ್ದಿ ಹೊರಡಬೇಕಾದರೆ ನರತಂತುವಿನ ಒಳಗೆ ಸೋಡಿಯಂ ಹೋಗಬೇಕು. ಔಷಧಿ ಆ ಬಾಗಿಲು ಮುಚ್ಚುತ್ತದೆ, ಸುದ್ದಿ ಹೊರಡುವುದೇ ಇಲ್ಲ. ಆದರೆ ಚರ್ಮ ಇರುವುದೇ ಹೊರಗಿನದನ್ನು ಒಳಗೆ ಬಿಡದೇ ಇರೋದಕ್ಕೆ ಅಲ್ವಾ? ಅದನ್ನು ದಾಟೋಕೆ ಸಮಯ ಬೇಕು. 60 ನಿಮಿಷ ಬಿಟ್ಟರೆ ಸುಮಾರು 3 ಮಿಲಿಮೀಟರ್ ಆಳದವರೆಗೆ ಮರಗಟ್ಟುತ್ತದೆ, 120 ನಿಮಿಷ ಬಿಟ್ಟರೆ ಸುಮಾರು 5. ಇಷ್ಟೇ ಲೆಕ್ಕ. ಹತ್ತು ನಿಮಿಷಕ್ಕೆ ಸಿಗೋದು ತಣ್ಣಗಿನ ಬಿಳಿ ಕ್ರೀಮ್ ಮಾತ್ರ.

ಈ ಒಂದು ಗಂಟೆಯೇ ದೊಡ್ಡ ತಲೆನೋವು. ನಾವು ಹೋಗುವ ಆಸ್ಪತ್ರೆಯಲ್ಲಿ ಕ್ರೀಮ್ ಇದೆ, ಕೇಳಿದರೆ ಹಚ್ಚುತ್ತಾರೆ, ಆದರೆ ಹಚ್ಚಿ ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ "ನಿಮ್ಮ ನಂಬರ್ ಬಂತು, ಬನ್ನಿ" ಅಂತ ಕರೆಯುತ್ತಾರೆ. "ಸಿಸ್ಟರ್, ಇನ್ನೂ ನಲವತ್ತು ನಿಮಿಷ ಆಗಬೇಕು" ಅಂದರೆ ಮುಖ ನೋಡುತ್ತಾರೆ, ಹಿಂದೆ ಸಾಲು ನಿಂತಿರುತ್ತದೆ, ಅವರದ್ದೂ ತಪ್ಪಲ್ಲ. ಅದಕ್ಕೇ ನಾನು ಈಗ ಮನೆಯಲ್ಲೇ ಹಚ್ಚಿಕೊಂಡು ಹೊರಡುತ್ತೇನೆ. ಇದನ್ನು ಮಾಡುವ ಮುಂಚೆ ಡಾಕ್ಟರನ್ನು ಕೇಳಿ, ಎಷ್ಟು ಹಚ್ಚಬೇಕು, ಎಲ್ಲೆಲ್ಲಿ ಹಚ್ಚಬೇಕು ಅಂತ ಬರೆಸಿಕೊಳ್ಳಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ, ಅದು ಸುಮ್ನೆ ಹೇಳೋ ಮಾತಲ್ಲ.

ಹಚ್ಚುವ ರೀತಿ. ಉಜ್ಜಬೇಡಿ. ಬೇರೆ ಕ್ರೀಮ್ ತರಹ ತಿಕ್ಕಿ ಮಾಯ ಮಾಡಿದರೆ ಕೆಲಸ ಮಾಡಲ್ಲ, ದಪ್ಪಗೆ ಗುಡ್ಡೆಯಾಗಿ ಕೂರಬೇಕು. ಅದರ ಮೇಲೆ ಪಾರದರ್ಶಕ ಅಂಟು ಪಟ್ಟಿ ಹಾಕಿ ನಾಲ್ಕೂ ಅಂಚು ಒತ್ತಿ, ನಡುವೆ ಒತ್ತಬೇಡಿ, ಒತ್ತಿದರೆ ಕ್ರೀಮ್ ಅಂಚಿಗೆ ಜಾರಿ ಪಟ್ಟಿ ಅಂಟುವುದೇ ಇಲ್ಲ. ಪಟ್ಟಿಯ ಮೇಲೆ ಪೆನ್ನಲ್ಲಿ ಹಚ್ಚಿದ ಸಮಯ ಬರೆಯಿರಿ. ಇದೊಂದು ಚಿಕ್ಕ ಕೆಲಸ, ಆದರೆ ಸಿಸ್ಟರ್ ಅದನ್ನು ನೋಡಿದ ಕೂಡಲೇ ಮಾತೇ ಬೇಕಾಗಲ್ಲ, ಅವರೇ "ಇನ್ನೂ ಹದಿನೈದು ನಿಮಿಷ ಇದೆ, ಕೂತಿರಿ" ಅನ್ನುತ್ತಾರೆ. ಇನ್ನೊಂದು, ಒಂದೇ ಜಾಗಕ್ಕೆ ಹಚ್ಚಬೇಡಿ. ಬಲಗೈ ಮೊಣಕೈ ಮಡಿಕೆಗೆ ಹಚ್ಚಿಕೊಂಡು ಹೋದರೆ ಅಲ್ಲಿ "ನರ ಸಿಗ್ತಿಲ್ಲ, ಈ ಕೈ ಕೊಡಿ" ಅಂತ ಎಡಗೈ ಹಿಡಿಯುತ್ತಾರೆ, ಆವಾಗ ಕಾದ ಗಂಟೆ ಪೂರ್ತಿ ನೀರಲ್ಲಿ ಹೋಮ. ಎರಡೂ ಕೈಗೆ ಹಚ್ಚಿ. ಒಟ್ಟು ಪ್ರಮಾಣ ಮಾತ್ರ ಮಿತಿ ದಾಟಬಾರದು.

ಮಗು ಆ ಪಟ್ಟಿ ಕೀಳದಂತೆ ನೋಡಿಕೊಳ್ಳುವುದು ಬೇರೆಯದೇ ಕೆಲಸ. ನಾನು ಮೇಲಿನಿಂದ ಉದ್ದ ಕಾಲುಚೀಲದ ಮುಂಭಾಗ ಕತ್ತರಿಸಿ ಕೈಗೆ ಹಾಕುತ್ತೇನೆ. ತೀರಾ ಚಿಕ್ಕ ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳುವ ಅಪಾಯ ಇದೆ, ನುಂಗಿದರೆ ಗಂಟಲು ಮರಗಟ್ಟುತ್ತದೆ, ಹೆಚ್ಚು ಹೊಟ್ಟೆಗೆ ಹೋದರೆ ವಿಷವೇ. ಕಣ್ಣಿಟ್ಟಿರಿ.

ಆಮೇಲೆ ಪಟ್ಟಿ ತೆಗೆಯುವುದು. ನಮ್ಮ ಮಗಳು ಸೂಜಿಗಿಂತ ಜಾಸ್ತಿ ಅತ್ತಿದ್ದು ಇದಕ್ಕೇ! ಕೈ ಮೇಲಿನ ಸಣ್ಣ ಕೂದಲು ಹಿಡಿದುಕೊಂಡು ಬರುತ್ತದೆ. ನೋವಿಲ್ಲದ ಸೂಜಿಗೆ ಅಂತ ಕಾದು ಕೂತು, ಕೊನೆಗೆ ಅಂಟು ಕಿತ್ತು ಅಳಿಸುವುದು ಎಂಥ ನ್ಯಾಯ? ಮೇಲಕ್ಕೆ ಕೀಳಬೇಡಿ. ಒಂದು ಅಂಚು ಬಿಡಿಸಿ, ಚರ್ಮಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಎಳೆಯಿರಿ, ರಬ್ಬರ್ ಹಿಗ್ಗಿಸಿದ ಹಾಗೆ. ತಾನಾಗೇ ಬಿಟ್ಟುಕೊಳ್ಳುತ್ತದೆ. ಕ್ರೀಮ್ ಒರೆಸಿದ ಮೇಲೆ ಅಡಿಯಲ್ಲಿ ಚರ್ಮ ಬೆಳ್ಳಗೆ ಬಿಳಿಚಿಕೊಂಡಿರುತ್ತದೆ, ಪಟ್ಟಿಯ ಆಕಾರದಲ್ಲೇ. ಗಾಬರಿ ಬೇಡ, ರಕ್ತನಾಳಗಳು ಸಂಕುಚಿತ ಆಗಿರುವುದರಿಂದ ಹಾಗೆ ಕಾಣುತ್ತದೆ. ಇದೇ ಈ ಕ್ರೀಮಿನ ಒಂದು ಕೊರತೆ ಕೂಡ, ನೋವು ಹೋಯಿತು ಸರಿ, ಜೊತೆಗೆ ರಕ್ತ ತೆಗೆಯಬೇಕಾದ ನರವೂ ಅಡಗಿ ಕೂತರೆ? ತೆಗೆದು ಐದು ಹತ್ತು ನಿಮಿಷ ಬಿಟ್ಟು, ಕೈ ಬೆಚ್ಚಗೆ ಮಾಡಿದರೆ ಸರಿ ಹೋಗುತ್ತದೆ. ತೆಗೆದ ಮೇಲೂ ಮರಗಟ್ಟಿದ್ದು ಒಂದೆರಡು ಗಂಟೆ ಇರುತ್ತದೆ, ಆತುರ ಇಲ್ಲ.

ಇನ್ನು ಫಲಿತಾಂಶ. ಮಗಳು ಸೂಜಿ ಒಳಗೆ ಹೋಗುವುದನ್ನು ಕಣ್ಣು ಬಿಟ್ಟು ನೋಡಿದಳು. "ಒಳಗೆ ಹೋಯ್ತಾ?" ಅಂತ ಕೇಳಿದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ. ಆದರೆ ಮೊದಲ ಸಲವೇ ಹೀಗಾಗಲಿಲ್ಲ. ಮೊದಲ ಸಲ ಚರ್ಮ ಮರಗಟ್ಟಿದ್ದರೂ ಅವಳು ಜೋರಾಗಿ ಅತ್ತಳು, ಯಾಕೆಂದರೆ ಸೂಜಿಯ ನೋವು ಅವಳ ತಲೆಯಲ್ಲಿ ಮುಂಚೆಯೇ ಕೂತಿತ್ತು. ತೋಳಿಗೆ ಬಿಗಿಯಾಗಿ ಕಟ್ಟುವ ಪಟ್ಟಿ, ಸ್ಪಿರಿಟ್ ವಾಸನೆ, ಅಲುಗಾಡದಂತೆ ಹಿಡಿಯುವ ಕೈಗಳು, ಇವುಗಳಿಗೆ ಕ್ರೀಮ್ ಏನೂ ಮಾಡಲ್ಲ. ಇದನ್ನು ನಾನು ಕೊರತೆ ಅಂತ ಲೆಕ್ಕ ಹಾಕಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಸೂಜಿ ಹಾಕುವಾಗ ನಾವು ಅಪ್ಪ ಅಮ್ಮ ಎಲ್ಲರೂ ಹೇಳುವುದು ಒಂದೇ, "ಏನೂ ಆಗಲ್ಲ ಪುಟ್ಟಾ, ಏನೂ ಆಗಲ್ಲ". ಮಕ್ಕಳ ನೋವಿನ ಬಗ್ಗೆ ಸಂಶೋಧನೆ ಮಾಡುವವರು ಇದನ್ನು ಕೂತು ನೋಡಿದ್ದಾರೆ. ಹೀಗೆ ಸಮಾಧಾನ ಮಾಡಿದಷ್ಟೂ ಮಕ್ಕಳ ಗಾಬರಿ ಜಾಸ್ತಿ ಇರುವುದು ಮತ್ತೆ ಮತ್ತೆ ಕಂಡುಬಂದಿದೆ. ಮಗುವಿಗೆ ಅರ್ಥ ಆಗುವುದು "ಅಮ್ಮನಿಗೇ ಭಯ ಆಗಿದೆ, ಹಾಗಾದರೆ ಏನೋ ಆಗುತ್ತೆ" ಅಂತ ಇರಬೇಕು. ಗಮನ ಬೇರೆ ಕಡೆ ಎಳೆಯುವುದು ಕೆಲಸ ಮಾಡುತ್ತದೆ. ಸೋಪಿನ ಗುಳ್ಳೆ ಊದಿಸಿ, ಫೋನಲ್ಲಿ ಏನಾದರೂ ತೋರಿಸಿ, ಎಣಿಸಿ. ಮಲಗಿಸಿ ಅದುಮಿ ಹಿಡಿಯುವ ಬದಲು ತೊಡೆ ಮೇಲೆ ಕೂರಿಸಿ ಅಪ್ಪಿಕೊಳ್ಳಿ. ಅಮೆರಿಕದ ಚಿಲ್ಡ್ರನ್ಸ್ ಮಿನ್ನೆಸೋಟ ಆಸ್ಪತ್ರೆ ಸೂಜಿ ಇರುವ ಪ್ರತಿ ಕೆಲಸಕ್ಕೂ ನಾಲ್ಕು ವಿಷಯ ಕೊಡುತ್ತೇವೆ ಅಂತ ಒಂದು ಪದ್ಧತಿಯನ್ನೇ ತಂದಿದೆ: ಮರಗಟ್ಟಿಸುವ ಕ್ರೀಮ್, ಎಳೆಗೂಸಿಗೆ ಎದೆಹಾಲು ಅಥವಾ ಸಕ್ಕರೆ ನೀರು, ಹಿತವಾಗಿ ಹಿಡಿದುಕೊಳ್ಳುವ ಭಂಗಿ, ಗಮನ ಬೇರೆಡೆ ಸೆಳೆಯುವುದು. ಕ್ರೀಮ್ ನಾಲ್ಕರಲ್ಲಿ ಒಂದು ಅಷ್ಟೇ. ಉಳಿದ ಮೂರಕ್ಕೆ ಟ್ಯೂಬ್ ಬೇಕಾಗಿಲ್ಲ.

ನೋವು ಕಡಿಮೆ ಆಯಿತು ಅಂತ ಹೇಗೆ ಗೊತ್ತು ಅಂತ ಕೇಳಬಹುದು. ದೊಡ್ಡ ಮಕ್ಕಳಾದರೆ ಮುಖಗಳ ಪಟ್ಟಿ ತೋರಿಸಿ ಕೇಳಬಹುದು. ನಗುವ ಮುಖದಿಂದ ಅಳುವ ಮುಖದವರೆಗೆ 6 ಮುಖ, 0ಯಿಂದ 10ರವರೆಗೆ ಅಂಕ. ಡೊನ್ನಾ ವಾಂಗ್, ಕೋನಿ ಬೇಕರ್ ಇಬ್ಬರು 1980ರ ದಶಕದಲ್ಲಿ ಮಾಡಿದ್ದು, ಆಸ್ಪತ್ರೆ ಗೋಡೆ ಮೇಲೆ ನೋಡಿರುತ್ತೀರಿ. ಮಾತು ಬಾರದ ಕೂಸಿಗೆ ಮುಖ, ಕಾಲು, ಚಲನೆ, ಅಳು, ಸಮಾಧಾನ ಆಗುವ ರೀತಿ ಐದನ್ನು ನೋಡಿ ಒಂದೊಂದಕ್ಕೆ 0, 1 ಅಥವಾ 2 ಕೊಡುವ ಫ್ಲಾಕ್ ಅನ್ನೋ ಅಳತೆ ಇದೆ. ನಾನು ಮನೆಯಲ್ಲಿ ಇದನ್ನೆಲ್ಲ ಹಿಡಿದುಕೊಂಡು ಕೂರಲ್ಲ, ಆದರೆ ಮುಖಗಳ ಪಟ್ಟಿ ಚೆನ್ನಾಗಿದೆ. ಮಗಳಿಗೆ ಕಷ್ಟ ಹೇಳಿಕೊಳ್ಳೋಕೆ ಒಂದು ದಾರಿ ಸಿಗುತ್ತದೆ.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಮಕ್ಕಳು ಅಳ್ತಾರೆ, ಮರೀತಾರೆ" ಅನ್ನುವವರು ಎಲ್ಲರ ಮನೆಯಲ್ಲೂ ಇದ್ದಾರೆ. ಅವರನ್ನು ಬೈಯೋಕೆ ಆಗಲ್ಲ, ಡಾಕ್ಟರುಗಳೇ ಹಾಗೆ ಅಂದುಕೊಂಡಿದ್ದ ಕಾಲ ತೀರಾ ಹಿಂದಿನದಲ್ಲ. 1980ರ ದಶಕದವರೆಗೂ ಎಷ್ಟೋ ಕಡೆ ನವಜಾತ ಶಿಶುಗಳಿಗೆ ತೀರಾ ಕಡಿಮೆ ಅರಿವಳಿಕೆಯಲ್ಲಿ, ಮೈ ಅಲುಗದಂತೆ ಸ್ನಾಯು ಸಡಿಲಿಸುವ ಔಷಧಿ ಕೊಟ್ಟು ಆಪರೇಷನ್ ಮಾಡುತ್ತಿದ್ದರು. ಓದಿದಾಗ ನನಗೆ ಹೊಟ್ಟೆ ಕಿವುಚಿದಂತಾಯಿತು. 1987ರಲ್ಲಿ ಡಾಕ್ಟರ್ ಕನ್ವಲ್‌ಜೀತ್ ಆನಂದ್ ಮತ್ತು ಆಕ್ಸ್‌ಫರ್ಡ್‌ನ ಅವರ ತಂಡ, ಹೃದಯದ ಹತ್ತಿರದ ಒಂದು ರಕ್ತನಾಳ ಮುಚ್ಚುವ ಆಪರೇಷನ್‌ಗೆ ಬಂದಿದ್ದ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಲ್ಲಿ ಕೆಲವಕ್ಕೆ ಫೆಂಟನಿಲ್ ಅನ್ನೋ ಬಲವಾದ ನೋವುನಿವಾರಕ ಸೇರಿಸಿ ಅರಿವಳಿಕೆ ಕೊಟ್ಟಿತು, ಉಳಿದವಕ್ಕೆ ಆಗಿನ ರೂಢಿಯಂತೆ ಅದಿಲ್ಲದೆ. ಫೆಂಟನಿಲ್ ಸಿಕ್ಕ ಕೂಸುಗಳ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ ಏರಿದವು, ಆಪರೇಷನ್ ಆದ ಮೇಲಿನ ತೊಂದರೆಗಳೂ ಕಡಿಮೆ. ಕೂಸಿಗೆ ನೋವಾಗುತ್ತೋ ಇಲ್ಲವೋ ಅನ್ನೋ ವಾದ ಆಮೇಲೆ ಹೆಚ್ಚು ದಿನ ನಿಲ್ಲಲಿಲ್ಲ.

"ಮರೀತಾರೆ" ಅನ್ನೋದಕ್ಕೆ ಉತ್ತರ ನಮ್ಮ ಈ ಕ್ರೀಮಿನ ಕಡೆಯಿಂದಲೇ ಬಂತು. ಕೆನಡಾದ ಸಂಶೋಧಕಿ ಅನ್ನಾ ಟಡ್ಡಿಯೊ ಮತ್ತು ಜೊತೆಯವರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಹುಟ್ಟಿದ ಹೊಸತರಲ್ಲಿ ಸುನ್ನತಿ ಆದ ಮತ್ತು ಆಗದ ಗಂಡುಮಕ್ಕಳಿಗೆ 4 ಅಥವಾ 6 ತಿಂಗಳಲ್ಲಿ ಲಸಿಕೆ ಹಾಕುವಾಗ ನೋಡಿದರು. ಸುನ್ನತಿ ಆಗದವರು ಎಲ್ಲರಿಗಿಂತ ಕಡಿಮೆ ಅತ್ತರು. ಸುನ್ನತಿ ವೇಳೆ ಬರೀ ಹೆಸರಿಗೆ ಔಷಧಿಯಿಲ್ಲದ ಕ್ರೀಮ್ ಹಚ್ಚಿಸಿಕೊಂಡಿದ್ದವರು ಎಲ್ಲರಿಗಿಂತ ಜಾಸ್ತಿ ಅತ್ತರು. ನಿಜವಾದ ಕ್ರೀಮ್ ಹಚ್ಚಿಸಿಕೊಂಡಿದ್ದವರು ನಡುವೆ ಬಂದರು. ಮಗುವಿಗೆ ನೆನಪಿನಲ್ಲಿ ಇರಲ್ಲ, ಸರಿ. ಮೈಗೆ ಗೊತ್ತಿರುತ್ತದೆ.

ಲಸಿಕೆಗೆ ಇದನ್ನು ಬಳಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬಳಸಬಹುದು, ಆದರೆ ಪೂರ್ತಿ ನೋವು ಹೋಗುತ್ತೆ ಅಂದುಕೊಳ್ಳಬೇಡಿ. ಚುಚ್ಚುವ ನೋವು ಕಡಿಮೆ ಆಗುತ್ತದೆ. ಸ್ನಾಯುವಿನೊಳಗೆ ಔಷಧಿ ತಳ್ಳುವಾಗ ಆಗುವ ಉರಿ ಇರುತ್ತದೆ, ಯಾಕೆಂದರೆ ಸ್ನಾಯು ಇರುವ ಆಳಕ್ಕೆ ಕ್ರೀಮ್ ಇಳಿಯಲ್ಲ. ಲಸಿಕೆಯ ಶಕ್ತಿ ಕಡಿಮೆ ಆಗುತ್ತಾ ಅನ್ನೋ ಭಯ ಇದ್ದರೆ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾದ್ದು) ಮುಂತಾದ ಲಸಿಕೆಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ, ಪ್ರತಿಕಾಯಗಳ ಮಟ್ಟದಲ್ಲಿ ವ್ಯತ್ಯಾಸ ಸಿಕ್ಕಿಲ್ಲ. ಬಿಸಿಜಿ ತರಹ ಚರ್ಮದ ಪದರದೊಳಗೇ ಕೊಡುವ, ಜೀವಂತ ಬ್ಯಾಕ್ಟೀರಿಯಾ ಇರುವ ಲಸಿಕೆಗೆ ಮಾತ್ರ ಡಾಕ್ಟರನ್ನು ಕೇಳದೆ ಹಚ್ಚಬೇಡಿ, ಈ ಔಷಧಿಗಳಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವೂ ಸ್ವಲ್ಪ ಇದೆ. ಅಂದಹಾಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆ ನೋವಿನ ಬಗ್ಗೆ ಸಲಹೆ ಕೊಟ್ಟಾಗ ದೇಶಮಟ್ಟದ ಲಸಿಕೆ ಕಾರ್ಯಕ್ರಮಗಳಿಗೆ ಈ ಕ್ರೀಮ್ ಸೇರಿಸಿ ಅಂತ ಹೇಳಲಿಲ್ಲ. ಖರ್ಚು, ಕಾಯುವ ಸಮಯ, ಮತ್ತೆ ಅದೇ ಕಥೆ. ಬದಲಿಗೆ ಪುಕ್ಕಟೆ ಉಪಾಯ ಹೇಳಿತು: ತೊಡೆ ಮೇಲೆ ಕೂರಿಸಿಕೊಳ್ಳಿ, ಎದೆಹಾಲು ಕುಡಿಯುವ ಕೂಸಾದರೆ ಹಾಲು ಕುಡಿಸುತ್ತಾ ಹಾಕಿಸಿ, ಚುಚ್ಚಿದ ಮೇಲೆ ಸಿರಿಂಜನ್ನು ಹಿಂದಕ್ಕೆ ಎಳೆದು ನೋಡುವುದು ಬೇಡ, ಒಂದಕ್ಕಿಂತ ಹೆಚ್ಚು ಲಸಿಕೆ ಇದ್ದರೆ ಜಾಸ್ತಿ ನೋಯುವುದನ್ನು ಕೊನೆಗೆ ಹಾಕಿ. ನವಜಾತ ಶಿಶುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಾರಲ್ಲ, ಅದಕ್ಕಂತೂ ಈ ಕ್ರೀಮ್ ಅಷ್ಟಾಗಿ ಕೆಲಸ ಮಾಡಲ್ಲ. ಸುಮ್ನೆ ಹಚ್ಚಬೇಡಿ. ಎದೆಹಾಲೇ ವಾಸಿ.

ಈಗ ಆಗಲೇ ಹೇಳಿದ ಎಚ್ಚರಿಕೆ. ಕ್ರೀಮ್ ತಾನೇ ಅಂತ ಬೇಕಾಬಿಟ್ಟಿ ಬಳಿಯಬೇಡಿ. ಪ್ರಿಲೋಕೇನ್ ದೇಹದಲ್ಲಿ ಒಡೆದಾಗ ಹುಟ್ಟುವ ಒಂದು ವಸ್ತು ರಕ್ತದ ಹಿಮೋಗ್ಲೋಬಿನ್ ಅನ್ನು ಆಮ್ಲಜನಕ ಸರಿಯಾಗಿ ಸಾಗಿಸಲಾಗದ ರೂಪಕ್ಕೆ ತಿರುಗಿಸುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ದೊಡ್ಡವರ ದೇಹ ಇದನ್ನು ಸರಿ ಮಾಡಿಕೊಳ್ಳುತ್ತದೆ, ಎಳೆಗೂಸಿನಲ್ಲಿ ಆ ಕೆಲಸದ ಕಿಣ್ವ ಇನ್ನೂ ಬಲಿತಿರುವುದಿಲ್ಲ. ಅದಕ್ಕೇ 3 ತಿಂಗಳೊಳಗಿನ ಕೂಸಿಗೆ ಹೆಚ್ಚೆಂದರೆ 1 ಗ್ರಾಂ, ಅದೂ ಒಂದು ಗಂಟೆ ಮಾತ್ರ. 3ರಿಂದ 12 ತಿಂಗಳಿನ, 5 ಕೆಜಿಗಿಂತ ಹೆಚ್ಚಿರುವ ಮಗುವಿಗೆ 2 ಗ್ರಾಂ. 1ರಿಂದ 6 ವರ್ಷ, 10 ಕೆಜಿ ಮೇಲ್ಪಟ್ಟವರಿಗೆ 10 ಗ್ರಾಂ. ಇದು ಎಲ್ಲ ಜಾಗ ಸೇರಿಸಿದ ಒಟ್ಟು ಮಿತಿ, ಅಷ್ಟು ಹಚ್ಚಬೇಕು ಅಂತಲ್ಲ. 5 ಗ್ರಾಂ ಟ್ಯೂಬಾದರೆ ಅದರ ಐದನೇ ಒಂದು ಭಾಗ 1 ಗ್ರಾಂ. ಸಲ್ಫಾ ಔಷಧಿ, ಡ್ಯಾಪ್ಸೋನ್ ಅನ್ನೋ ಔಷಧಿ ತೆಗೆದುಕೊಳ್ಳುವ ಮಕ್ಕಳು, ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರುವವರು, ಇವರ ವಿಷಯದಲ್ಲಿ ಡಾಕ್ಟರ್ ಹೇಳದೆ ಮುಟ್ಟಲೇಬೇಡಿ. ಗಾಯ ಆದ ಚರ್ಮಕ್ಕೂ ಬೇಡ. ಇಸುಬು ಇದ್ದರೆ ಔಷಧಿ ಬೇಗ ಬೇಗ ಒಳಗೆ ಹೋಗುತ್ತದೆ, ಅಲ್ಲಿಗೆ ಒಂದು ಗಂಟೆಯ ಲೆಕ್ಕ ನಡೆಯಲ್ಲ. ಇಷ್ಟು ಮುಖ್ಯವಾದ ವಿಷಯವನ್ನು ಟ್ಯೂಬ್ ಜೊತೆಗಿನ ಹಾಳೆಯಲ್ಲಿ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ, ಕೋಪ ಬರುತ್ತದೆ.

ಆಪರೇಷನ್ ಇದ್ದಾಗ ಇದರ ಬೆಲೆ ಗೊತ್ತಾಗುತ್ತದೆ. ಮಕ್ಕಳಿಗೆ ಅರಿವಳಿಕೆ ಶುರು ಮಾಡಲು ಸಾಮಾನ್ಯವಾಗಿ ಎರಡು ದಾರಿ. ಮುಖಕ್ಕೆ ಮಾಸ್ಕ್ ಇಟ್ಟು ಸೆವೊಫ್ಲೂರೇನ್ ಅನಿಲ ಉಸಿರಾಡಿಸುವುದು, ಅಥವಾ ಕೈಗೆ ಸೂಜಿ ನಳಿಕೆ ಹಾಕಿ ಔಷಧಿ ಕೊಡುವುದು. ಮಗಳಿಗೆ ಮುಖ ಮುಚ್ಚಿದರೆ ಆಗಲ್ಲ. ಕ್ರೀಮ್ ಹಚ್ಚಿ ಬಂದಿದ್ದೇವೆ ಅಂದಾಗ ಅರಿವಳಿಕೆ ಡಾಕ್ಟರ್ ಖುಷಿಯಾಗಿ ಎರಡನೇ ದಾರಿ ಹಿಡಿದರು. ನಳಿಕೆ ಹಾಕಿದ್ದು ಗೊತ್ತೇ ಆಗಲಿಲ್ಲ, ಆಮೇಲೆ ನಿದ್ದೆ ಬರಿಸುವ ಪ್ರೊಪೊಫಾಲ್ ಔಷಧಿ ಒಳಗೆ ಹೋಗುವಾಗ ಮಾತ್ರ "ಉರೀತಿದೆ" ಅಂದಳು. ಆ ಉರಿ ರಕ್ತನಾಳದ ಒಳಗಿನದು, ಚರ್ಮದ ಕ್ರೀಮಿಗೆ ಸಂಬಂಧ ಇಲ್ಲ.

ಕೆಲವರು ಈ ಕ್ರೀಮನ್ನೂ ದೊಡ್ಡ ಅರಿವಳಿಕೆಯನ್ನೂ ಒಂದೇ ಅಂದುಕೊಂಡು ಮೆದುಳಿಗೆ ತೊಂದರೆ ಆಗುತ್ತಾ ಅಂತ ಹೆದರುತ್ತಾರೆ. ಕ್ರೀಮಿನಿಂದ ಮಗು ನಿದ್ದೆ ಹೋಗಲ್ಲ, ಅದು ಹಚ್ಚಿದ ಜಾಗದ ಕೆಲಸ. ಇನ್ನು ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ ಬಗ್ಗೆ ಭಯ ಇರುವವರಿಗೆ, 7 ದೇಶಗಳಲ್ಲಿ 722 ಕೂಸುಗಳ ಮೇಲೆ ನಡೆದ ಗ್ಯಾಸ್ ಅನ್ನೋ ಅಧ್ಯಯನದ ಕೊನೆಯ ಫಲಿತಾಂಶ 2019ರಲ್ಲಿ ಬಂತು. ಹರ್ನಿಯಾ ಆಪರೇಷನ್‌ಗೆ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಸೆವೊಫ್ಲೂರೇನ್ ಪಡೆದವರಿಗೂ, ಎಚ್ಚರವಾಗಿದ್ದೇ ಬೆನ್ನಿನ ಕಡೆಯಿಂದ ಮರಗಟ್ಟಿಸಿಕೊಂಡವರಿಗೂ 5 ವರ್ಷ ಆದಾಗ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಕೊಟ್ಟಿದ್ದು 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆಗಿಂತ ಉದ್ದದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆ ಬಗ್ಗೆ. ಬೇಕಾದ ಆಪರೇಷನ್ ಮುಂದೂಡಬೇಡಿ.

ಕಾಯೋಕೆ ಆಗದವರಿಗೆ ಬೇರೆ ದಾರಿಗಳೂ ಇವೆ. 4% ಟೆಟ್ರಕೇನ್ ಜೆಲ್ 30ರಿಂದ 45 ನಿಮಿಷಕ್ಕೆ ಕೆಲಸ ಮಾಡುತ್ತದೆ, ರಕ್ತನಾಳ ಹಿಗ್ಗಿಸುವುದರಿಂದ ನರ ಹುಡುಕುವವರಿಗೂ ಅನುಕೂಲ. ಚರ್ಮ ಕೆಂಪಾಗಿ ತುರಿಕೆ ಬರಬಹುದು. ಲೈಪೊಸೋಮ್ (ಔಷಧಿ ತುಂಬಿದ ಅತಿ ಸಣ್ಣ ಕೊಬ್ಬಿನ ಗುಳಿಗೆ) ಇರುವ 4% ಲಿಡೋಕೇನ್ ಕ್ರೀಮ್‌ಗೂ ಸುಮಾರು 30 ನಿಮಿಷ ಸಾಕು, ಪ್ರಿಲೋಕೇನ್ ತಂಟೆಯೂ ಇಲ್ಲ. ನನಗೆ ಸಿಕ್ಕಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ತಣ್ಣಗೆ ಮಾಡುವ ಸ್ಪ್ರೇ ಕೆಲವೇ ಸೆಕೆಂಡಿನಲ್ಲಿ ಕೆಲಸ ಮಾಡುತ್ತದೆ, ಆದರೆ ಆ ಚಳಿಗೇ ಬೆಚ್ಚಿ ಕೈ ಎಳೆದುಕೊಳ್ಳುವ ಮಕ್ಕಳಿದ್ದಾರೆ. ಸೂಜಿಯ ಪಕ್ಕ ಇಟ್ಟು ಗುಂಯ್‌ಗುಟ್ಟಿಸುವ, ಐಸ್ ಇರುವ ಪುಟ್ಟ ಯಂತ್ರವೂ ಬರುತ್ತದೆ. ಮೊಣಕೈ ತಾಗಿದಾಗ ಉಜ್ಜಿಕೊಂಡರೆ ನೋವು ಕಡಿಮೆ ಅನ್ನಿಸುತ್ತಲ್ಲ, ಅದೇ ತತ್ವ. ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ವಿವರಿಸಿದ್ದು. ನಮ್ಮವಳಿಗೆ ಆ ಸದ್ದೇ ಇಷ್ಟ ಆಗಲಿಲ್ಲ.

ಒಂದು ಸ್ಟಾರ್ ಕಡಿತ ಮಾಡಿದ್ದು ಕಾಯುವ ಗಂಟೆಗೆ ಅರ್ಧ, ಪಟ್ಟಿಗೆ ಅರ್ಧ. ನಾನು ಕೊಂಡ ಟ್ಯೂಬಿನ ಡಬ್ಬಿಯಲ್ಲಿ ಪಟ್ಟಿಯೇ ಇರಲಿಲ್ಲ. ಮುಚ್ಚದೆ ಕೆಲಸ ಮಾಡದ ಕ್ರೀಮನ್ನು ಮುಚ್ಚಳ ಇಲ್ಲದೆ ಮಾರುವುದು ಯಾವ ಬುದ್ಧಿವಂತಿಕೆಯೋ. ಕೊಳ್ಳುವಾಗ ಪಟ್ಟಿ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಬೇರೆಯಾಗಿ ತಗೊಳ್ಳಿ.

ವರ್ಷಕ್ಕೊಮ್ಮೆ ಒಂದು ಸೂಜಿ ಹಾಕಿಸುವ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳದ ಮಗುವಿಗೆ ಇದು ಬೇಕಾಗಿಲ್ಲ. ಮತ್ತೆ ಮತ್ತೆ ರಕ್ತ ಕೊಡಬೇಕಾದ, ನಳಿಕೆ ಹಾಕಿಸಬೇಕಾದ, ಆಸ್ಪತ್ರೆ ಗೇಟು ಕಂಡರೇ ಅಳುವ ಮಗು ಇದ್ದರೆ ಇವತ್ತೇ ಡಾಕ್ಟರನ್ನು ಕೇಳಿ. ಹಚ್ಚಿದ ಮೇಲೆ ನಿಮ್ಮ ಕೈ ತೊಳೆಯಿರಿ, ಇಲ್ಲದಿದ್ದರೆ ಬೆರಳ ತುದಿಯೂ ಮರಗಟ್ಟುತ್ತದೆ. 30 ಡಿಗ್ರಿಗಿಂತ ಬಿಸಿ ಇರುವ ಕಡೆ ಇಡಬೇಡಿ, ಫ್ರೀಜರಿನಲ್ಲೂ ಬೇಡ. ಬಳಸಿ ಕಿತ್ತ ಪಟ್ಟಿಯ ಮೇಲೆ ಇನ್ನೂ ಸಾಕಷ್ಟು ಕ್ರೀಮ್ ಉಳಿದಿರುತ್ತದೆ. ಅದನ್ನು ಅಂಟು ಒಳಗೆ ಬರುವಂತೆ ಮಡಚಿ, ಚಿಕ್ಕ ತಮ್ಮ ತಂಗಿಯರ ಕೈಗೆ ಸಿಗದಂತೆ ಮುಚ್ಚಳ ಇರುವ ಕಸದ ಡಬ್ಬಿಗೆ ಹಾಕಿ.